ದಿನಾಂಕದ ಠಸ್ಸೆ

ಕಾಗದದ ಮೂಲೆಯಲ್ಲಿ ದಿನಾಂಕದ ಠಸ್ಸೆಯನ್ನೊತ್ತುವುದು ಅಲ್ಪ ಕೆಲಸವಾದರೂ ಅದರಲ್ಲೊಂದು ವಿಶೇಷವಾದ ಸಂತೋಷವುಂಟು. ಕಣ್ಣಿಗೆ ಕಾಣದೆ ಸರಿದುಹೋಗುವ ದಿನವು ಮಸಿಯ ಗುರುತಾಗಿ ನಮ್ಮೆದುರು ನಿಲ್ಲುತ್ತದೆ. ಅಂಚೆಯ ದಿನಾಂಕಮುದ್ರೆ ಹುಟ್ಟಿದುದಾದರೋ ಸಂಶಯದಿಂದ.

1660ರಲ್ಲಿ ಹೆನ್ರಿ ಬಿಷಪ್ ಎಂಬಾತನು ವರ್ಷಕ್ಕೆ 21,500 ಪೌಂಡುಗಳ ಗುತ್ತಿಗೆಗೆ ಇಂಗ್ಲೆಂಡಿನ ಅಂಚೆಯನ್ನು ವಹಿಸಿಕೊಂಡನು. ಕಾಗದಗಳು ತಡವಾಗಿ ಮುಟ್ಟುತ್ತವೆಂಬ ದೂರು ಜನರಲ್ಲಿತ್ತು. ಅಂಚೆಯಾಳುಗಳು ಅವನ್ನು ತಡೆದಿರಿಸಿಕೊಳ್ಳದಂತೆ ಆತನು 1661ರಲ್ಲಿ ಲಂಡನ್ನಿನ ಕಚೇರಿಯಲ್ಲಿ ಒಂದು ಪುಟ್ಟ ವೃತ್ತಾಕಾರದ ಮುದ್ರೆಯನ್ನು ಬಳಕೆಗೆ ತಂದನು. ನಡುವಿನ ಅಡ್ಡಗೆರೆಯ ಮೇಲೆ ತಿಂಗಳನ್ನು ಸೂಚಿಸುವ ಎರಡಕ್ಷರ, ಕೆಳಗೆ ತಾರೀಖು. ಕಾಗದವು ಕಚೇರಿಗೆ ಬಂದ ದಿನವನ್ನೂ ತನ್ನ ಕೈಸೇರಿದ ದಿನವನ್ನೂ ಹೋಲಿಸಿ, ನಡುವೆ ಎಷ್ಟು ಕಾಲ ಕಳೆಯಿತೆಂಬುದನ್ನು ಸಾಮಾನ್ಯನೂ ಲೆಕ್ಕಹಾಕುವಂತಾಯಿತು. 1680ರಲ್ಲಿ ಆ ನಗರದಲ್ಲಿಯೇ ವಿಲಿಯಂ ಡಾಕ್ರಾ ತೆರೆದ ಪೆನ್ನಿ ಅಂಚೆಯು ಇನ್ನೂ ಮುಂದುವರಿದು, ಹೃದಯಾಕೃತಿಯ ಮುದ್ರೆಯಲ್ಲಿ ವೇಳೆಯನ್ನೂ ಒತ್ತಿತು.

ಆದರೆ ಬಿಷಪ್ಪನ ಮುದ್ರೆಯಲ್ಲಿ ಇಸವಿ ಇರಲಿಲ್ಲ. ಅಂದಿನ ವಿಳಂಬವನ್ನು ಹಿಡಿಯಲು ಅಷ್ಟೇ ಸಾಕಾಗಿತ್ತು. ಇತಿಹಾಸಕಾರನಿಗೆ ಅದು ಸಾಲದು. ಬರೆದವನು ಒಳಗೆ ಇಸವಿಯನ್ನು ಕಾಣಿಸದೆ ಹೋಗಿದ್ದರೆ, ಕಾಗದವು ಯಾವ ವರ್ಷದ್ದೆಂದು ಆ ಮುದ್ರೆಯೊಂದರಿಂದಲೇ ಹೇಳಲಾಗದು.

ನಮ್ಮ ದಿನಚರಿಗೂ ಶಾಲೆಯ ಕೈಬರಹದ ಪತ್ರಿಕೆಗೂ ಇದೇ ಮಾತು ಸಲ್ಲುತ್ತದೆ. ನಮ್ಮ ಮಕ್ಕಳು ಏನನ್ನು ಓದಿದರು, ಏನನ್ನು ಬರೆದರು ಎಂಬುದಕ್ಕೆ ನಾಳೆ ಈ ಹಾಳೆಗಳೇ ಆಧಾರವಾಗುವುವು. ಆದುದರಿಂದ ಠಸ್ಸೆಯನ್ನು ಸಂತೋಷದಿಂದಲೇ ಒತ್ತೋಣ. ದಿನ, ತಿಂಗಳುಗಳೊಡನೆ ಇಸವಿಯನ್ನೂ ಮರೆಯದೆ ಒತ್ತೋಣ.