ಕರುವಿನ ಸೊಟ್ಟ ಕಾಲಿನಿಂದ ಸುಪ್ರೀಂ ಕೋರ್ಟ್‌ವರೆಗೆ: ಶ್ರೀ ಪಡ್ರೆ ಹಿಂಬಾಲಿಸಿದ ಸುದ್ದಿ

ಆರೋಗ್ಯದ ಸುದ್ದಿ ಅಂದರೆ ಈಗ ನಮಗೆಲ್ಲ ಟೀವಿ ನೆನಪಾಗುತ್ತದೆ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ ಒಂದೇ ದಿನದಲ್ಲಿ 24 ರೋಗಿಗಳು ತೀರಿಕೊಂಡಾಗ ಇಡೀ ರಾಜ್ಯ ಅದನ್ನು ಪರದೆ ಮೇಲೆ ನೋಡಿತು. ಆದರೆ ಎಲ್ಲ ಕಾಯಿಲೆಯೂ ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ಕೆಲವು ಇಪ್ಪತ್ತು ವರ್ಷ ತೆಗೆದುಕೊಂಡು ಮನೆಮನೆಗೆ ಬರುತ್ತವೆ. ಅಂಥಲ್ಲಿಗೆ ಕ್ಯಾಮೆರಾ ಬೇಗ ಬರುವುದಿಲ್ಲ. ಅಲ್ಲಿ ಇರಬೇಕಾದವರು ಅದೇ ಊರಿನ ವರದಿಗಾರರು.

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯ್ತಿಗೆ ಸೇರಿದ ವಾಣಿನಗರ, ಪಡ್ರೆ ಕನ್ನಡ, ತುಳು ಮಾತಾಡುವ ಗುಡ್ಡದ ಊರುಗಳು. ಗುಡ್ಡದ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. ಕೆಳಗೆ ಮನೆ, ಅಡಿಕೆ ತೋಟ, ಹರಿಯುವ ತೋಡು. ಕುಡಿಯಲು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು. 1970ರ ದಶಕದ ಕೊನೆಯಿಂದ ಗೇರಿನ ಟೀ ಸೊಳ್ಳೆ ಕೊಲ್ಲಲು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸತೊಡಗಿದರು. ಬಾವಿ ಮುಚ್ಚಿಕೊಳ್ಳಿ ಎಂದು ಹೇಳಿದರೆ ಬಾವಿ ಮುಚ್ಚಬಹುದು. ತೋಡು, ಸುರಂಗ ಮುಚ್ಚುವುದು ಹೇಗೆ? ಮೇಲೆ ಬಿದ್ದದ್ದು ಮಳೆಯ ಜೊತೆ ಕೆಳಗೇ ಇಳಿಯಬೇಕು.

ಅದೇ ಊರಿನ ರೈತ, ಪತ್ರಕರ್ತ ಶ್ರೀ ಪಡ್ರೆ. ಕಾಲು ಸೊಟ್ಟಗಿರುವ ಕರುಗಳು ಹುಟ್ಟಿದ್ದನ್ನು ಕಂಡು, ಇದಕ್ಕೂ ಮೇಲಿನ ಸಿಂಪಡಣೆಗೂ ಸಂಬಂಧ ಇದೆಯೇ ಎಂದು ಅವರು 1980ರ ದಶಕದ ಆರಂಭದಲ್ಲೇ ಬರೆದರು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದೇ 1981ರಲ್ಲಿ ಎಂದರೆ ಕಾಲ ಎಂಥದ್ದು ಎಂದು ನೀವೇ ಊಹಿಸಿ. ಬರೆದದ್ದಕ್ಕೆ ಯಾರೂ ಕಿವಿಗೊಡಲಿಲ್ಲ. ಸಿಂಪಡಣೆ ನಡೆದೇ ಇತ್ತು.

ವಾಣಿನಗರದಲ್ಲಿ ಕ್ಲಿನಿಕ್ ಇಟ್ಟಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ಇನ್ನೊಂದು ವಿಷಯ ಗಮನಿಸಿದರು. ಇಷ್ಟು ಚಿಕ್ಕ ಊರಿನಲ್ಲಿ ಮೂರ್ಛೆರೋಗ, ಬುದ್ಧಿಮಾಂದ್ಯ, ಕ್ಯಾನ್ಸರ್, ಅಂಗವೈಕಲ್ಯ ಇಷ್ಟೊಂದು ಯಾಕೆ? ಕೊಡೆಂಕಿರಿ ತೋಡಿನ ಆಸುಪಾಸಿನ ಮನೆಗಳ ರೋಗಿಗಳನ್ನು ಅವರು ಪಟ್ಟಿ ಮಾಡಿದರು. ವೈದ್ಯರ ಪಟ್ಟಿ, ಪತ್ರಕರ್ತರ ಅನುಮಾನ ಎರಡೂ ಒಂದಾದಾಗ ಸುದ್ದಿಗೆ ಬಲ ಬಂತು.

ಅತ್ತ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಜನರ ರಕ್ತ ಪರೀಕ್ಷೆ ಮಾಡಿ ಎಲ್ಲದರಲ್ಲೂ ವಿಷ ಕಂಡಿತು. ಕಾರ್ಪೊರೇಶನ್ ಬೇರೆ ಲ್ಯಾಬಿನ ವರದಿ ತಂದು ಅಲ್ಲಗಳೆಯಿತು. ನಂತರ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಶಾಲಾ ಮಕ್ಕಳನ್ನು ಬೇರೆ ಊರಿನ ಮಕ್ಕಳ ಜೊತೆ ಹೋಲಿಸಿ ನೋಡಿತು. ಪಡ್ರೆಯಲ್ಲಿ ತೊಂದರೆ ಹೆಚ್ಚಿತ್ತು. ಎಲ್ಲ ಕಾಯಿಲೆಗೂ ಇದೊಂದೇ ಕಾರಣ ಎಂದು ಒಪ್ಪದ ವಿಜ್ಞಾನಿಗಳು ಇಂದಿಗೂ ಇದ್ದಾರೆ. ಆದರೆ ನೀರಿನ ಮೇಲೆ ವಿಷ ಸುರಿದದ್ದನ್ನು ಯಾರೂ ಸರಿ ಎನ್ನಲಾರರು.

ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಥೆಯೂ ಇದೇ. ಅಲ್ಲಿ ಗೇರು ಅಭಿವೃದ್ಧಿ ನಿಗಮದ ತೋಟಗಳಿದ್ದವು. 2011ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಈ ಔಷಧಿ ನಿಲ್ಲಿಸಿತು. ಅದೇ ಮೇ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿತು. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು. ಆ ಹಣಕ್ಕೂ ಜನ ಮತ್ತೆ ಕೋರ್ಟು ಅಲೆಯಬೇಕಾಯಿತು.

ಮೊದಲ ಬರಹದಿಂದ ದೇಶದ ತಡೆವರೆಗೆ ಸುಮಾರು ಮೂವತ್ತು ವರ್ಷ. ಅಷ್ಟರಲ್ಲಿ ಒಂದು ತಲೆಮಾರೇ ಬೆಳೆದಿತ್ತು. ಗೇರಿನ ಲಾಭ ಬೇರೆಯವರಿಗೆ ಹೋಯಿತು, ಮಗು ಎತ್ತಿಕೊಂಡು ಆಸ್ಪತ್ರೆಗೆ ಅಲೆಯುವ ಕೆಲಸ ತಾಯಂದಿರಿಗೆ ಉಳಿಯಿತು. ಸಾಮಾಜಿಕ ಅಸಮಾನತೆ ಅಂದರೆ ಇದೇ.

ಶ್ರೀ ಪಡ್ರೆ ಇದೊಂದಕ್ಕೇ ನಿಲ್ಲಲಿಲ್ಲ. 1988ರಲ್ಲಿ ಪುತ್ತೂರಿನಿಂದ ಶುರುವಾದ 'ಅಡಿಕೆ ಪತ್ರಿಕೆ'ಯನ್ನು ಕಟ್ಟಿದವರಲ್ಲಿ ಅವರು ಮುಖ್ಯರು. ಕೃಷಿಕರ ಕೈಗೆ ಲೇಖನಿ ಕೊಡುವುದು ಅದರ ದಾರಿ. ಊರಿನ ಕಷ್ಟ ಊರಿನವರಿಗೇ ಮೊದಲು ಕಾಣುತ್ತದೆ ಎಂಬುದು ಅವರಿಗೆ ಪಡ್ರೆಯಲ್ಲೇ ಗೊತ್ತಾಗಿತ್ತು.

ಬೇಗೂರು, ಗುಂಡ್ಲುಪೇಟೆ ಕಡೆ ನಾವೂ ಚೆಂಡು ಹೂವಿಗೆ, ಟೊಮೆಟೊಗೆ, ಬಾಳೆಗೆ ಔಷಧಿ ಹೊಡೆಯುವವರೇ. ಬೆನ್ನಿಗೆ ಕ್ಯಾನು ಕಟ್ಟಿಕೊಳ್ಳುವವರು ಬಹಳ ಸಲ ಕೂಲಿಯವರು. ಹೊಡೆದ ದಿನ ತಲೆಸುತ್ತು, ವಾಂತಿ ಬಂದರೆ ಔಷಧಿ ಬಾಟಲಿ ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ಒಂದೇ ಬೀದಿಯಲ್ಲಿ ಒಂದೇ ಥರದ ಕಾಯಿಲೆ ಮೂರ್ನಾಲ್ಕು ಮನೆಗೆ ಬಂದರೆ ಯಾವ ಮನೆ, ಯಾವಾಗಿನಿಂದ, ಯಾವ ನೀರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಶಾ ಕಾರ್ಯಕರ್ತೆಗೆ, ಸರ್ಕಾರಿ ಆಸ್ಪತ್ರೆ ಡಾಕ್ಟರಿಗೆ ತೋರಿಸಿ, ನಮಗೂ ತಿಳಿಸಿ. ವಾಣಿನಗರದಲ್ಲಿ ಕೋರ್ಟಿನವರೆಗೆ ಹೋದ ದಾರಿ ಶುರುವಾದದ್ದು ಅಂಥ ಒಂದು ಪಟ್ಟಿಯಿಂದಲೇ.