ಅಲ್‌ಹಂಬ್ರಾದ ಕೆಂಪಿಗೆ ಯಾವ ಲಿಂಗ?

ಕೆಂಪು ಮನೆ, ಕೆಂಪು ಮನೆಗಳು, ಕೆಂಪು ಹೋರಿ, ಕೆಂಪು ಹಸು. ಕೆಂಪ, ಕೆಂಪಿ ಎಂಬ ಜನರ ಹೆಸರುಗಳನ್ನು ಬಿಟ್ಟರೆ ಕನ್ನಡದ ಕೆಂಪಿಗೆ ಗಂಡು ಹೆಣ್ಣಿನ, ಒಂದು ಹಲವಿನ ಹಂಗಿಲ್ಲ. ಮನೆಯಲ್ಲಿ ಉರ್ದು ಆಡುವವರ ಅನುಭವ ಬೇರೆ. ಅವರು ಕಾಲಾ ಘೋಡಾ, ಕಾಲೀ ಘೋಡಿ, ಕಾಲೇ ಘೋಡೆ ಎನ್ನಬೇಕು. ಆದರೆ ಅವರಿಗೂ ಲಾಲ್ ಎಲ್ಲೆಡೆ ಲಾಲ್ ಆಗಿಯೇ ಉಳಿಯುತ್ತದೆ.

ಸ್ಪ್ಯಾನಿಷ್ ಭಾಷೆಯ ರೀತಿಯೂ ಹೆಚ್ಚುಕಡಿಮೆ ಇದೇ. ಅಲ್ಲಿ ಬಣ್ಣ ಸಾಮಾನ್ಯವಾಗಿ ನಾಮಪದದ ನಂತರ ಬರುತ್ತದೆ, ಅದನ್ನೇ ಅನುಸರಿಸುತ್ತದೆ. ಪುಸ್ತಕ ಪುಲ್ಲಿಂಗವಾದ್ದರಿಂದ 'ಲಿಬ್ರೊ ರೋಹೊ', ಮನೆ ಸ್ತ್ರೀಲಿಂಗವಾದ್ದರಿಂದ 'ಕಾಸಾ ರೋಹಾ'. ಹಲವಾದರೆ 'ಲಿಬ್ರೋಸ್ ರೋಹೋಸ್', 'ಕಾಸಾಸ್ ರೋಹಾಸ್'. ಓಕಾರದಲ್ಲಿ ಮುಗಿಯುವ ಬಿಳಿ, ಕಪ್ಪು, ಹಳದಿಗಳ ಹೆಸರುಗಳಿಗೂ ಇದೇ ನಿಯಮ. ಹಸಿರಿನ 'ವೆರ್ದೆ', ನೀಲಿಯ 'ಅಸೂಲ್' ಲಿಂಗಕ್ಕೆ ಬಗ್ಗುವುದಿಲ್ಲ, ವಚನಕ್ಕೆ ಮಾತ್ರ ಬಗ್ಗಿ 'ವೆರ್ದೆಸ್', 'ಅಸೂಲೆಸ್' ಆಗುತ್ತವೆ. ತಿಳಿನೀಲಿ ಎಂದು ಎರಡು ಪದ ಸೇರಿದರಂತೂ ಏನೂ ಬದಲಾಗದು. ಕಣ್ಣುಗಳು ಎರಡಿದ್ದರೂ 'ಓಹೋಸ್ ಅಸೂಲ್ ಕ್ಲಾರೊ' ಎಂದೇ ಹೇಳುತ್ತಾರೆ.

ಈ ವ್ಯಾಕರಣ ಪಾಠದಲ್ಲಿ ಚರಿತ್ರೆಗೇನು ಕೆಲಸ ಎಂದು ಓದುಗರು ಕೇಳಬಹುದು. ಗ್ರಾನಡಾದ ಅಲ್‌ಹಂಬ್ರಾವನ್ನೇ ನೋಡೋಣ. ಅರಬಿಯಲ್ಲಿ ಕೆಂಪು 'ಅಹ್ಮರ್', ಅದರ ಸ್ತ್ರೀಲಿಂಗ ರೂಪ 'ಹಮ್ರಾ'. ಕೋಟೆ ಎಂಬರ್ಥದ 'ಕಲಾ' ಅರಬಿಯಲ್ಲಿ ಸ್ತ್ರೀಲಿಂಗ. ಆದ್ದರಿಂದ ಕೆಮ್ಮಣ್ಣಿನ ಆ ಕೋಟೆ 'ಅಲ್‌ಹಮ್ರಾ' ಆಯಿತು. 1238ರಲ್ಲಿ ಅಲ್ಲಿ ಅರಮನೆಯ ಕೆಲಸ ಆರಂಭಿಸಿದ ನಸ್ರೀ ವಂಶದ ಮೊದಲ ಮುಹಮ್ಮದ್‌ನನ್ನು ಇಬ್ನುಲ್ ಅಹ್ಮರ್ ಎಂದು ಕರೆಯುತ್ತಿದ್ದರು. ದೊರೆಯ ಹೆಸರಿನಲ್ಲಿ ಕೆಂಪು ಗಂಡು, ಕೋಟೆಯ ಹೆಸರಿನಲ್ಲಿ ಹೆಣ್ಣು! ಅವನಿಂದಲೇ ಕೋಟೆಗೆ ಹೆಸರು ಬಂತೆಂಬ ಮಾತಿದೆ. ಅದು ಸರಿಯಲ್ಲ. ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ಆ ಕೋಟೆಗೆ ಕೆಂಪಿನ ಹೆಸರಿತ್ತು.

ಮೊರೊಕ್ಕೊದ ಕಾಸಾಬ್ಲಾಂಕಾ ಇನ್ನೊಂದು ಸಾಕ್ಷಿ. ಅರಬರ 'ದಾರುಲ್ ಬೈದಾ' ಮತ್ತು ಸ್ಪ್ಯಾನಿಷರ 'ಕಾಸಾ ಬ್ಲಾಂಕಾ' ಎರಡರ ಅರ್ಥವೂ ಬಿಳಿ ಮನೆ. ದಾರ್ ಕೂಡ ಹೆಣ್ಣು, ಕಾಸಾ ಕೂಡ ಹೆಣ್ಣು. ಎರಡು ಭಾಷೆಗಳಲ್ಲೂ ಬಿಳಿ ಸೆರಗು ಹೊದ್ದೇ ನಿಂತಿದೆ.

ಅರಬಿಯಿಂದ ಸ್ಪ್ಯಾನಿಷಿಗೆ ಬಣ್ಣಗಳೂ ದಾಟಿದವು. 'ಅನ್ಯೀಲ್' ಅರಬಿಯ 'ಅನ್ನೀಲ್', ಪಾರ್ಸಿಯ ದಾರಿಯಲ್ಲಿ ಹಿಂದಕ್ಕೆ ಹೋದರೆ ಸಂಸ್ಕೃತದ ನೀಲ, ಅಂದರೆ ನಮ್ಮ ನೀಲಿಯೇ. 'ಅಸೂಲ್' ಬಂದದ್ದು ಬದಖ್‌ಶಾನಿನ ನೀಲಿ ಕಲ್ಲಿನ ಹೆಸರಾದ ಲಾಜವರ್ದ್‌ನಿಂದ. ಕಡುಗೆಂಪಿನ 'ಕಾರ್ಮೆಸಿ' ಅರಬಿಯ 'ಕಿರ್ಮಿಜೀ'. ಬಣ್ಣ ತೆಗೆಯುತ್ತಿದ್ದ ಹುಳವೇ ಅದರ ಮೂಲ, ನಮ್ಮ 'ಕ್ರಿಮಿ' ಅದರ ದೂರದ ನೆಂಟ. ಕಿರ್ಮಿಜೀಗೆ ಅರಬಿಯಲ್ಲಿ 'ಕಿರ್ಮಿಜಿಯ್ಯಾ' ಎಂಬ ಸ್ತ್ರೀರೂಪವಿದೆ. ಸ್ಪ್ಯಾನಿಷಿಗೆ ಪದ ಬಂತು, ಆ ರೂಪ ಬರಲಿಲ್ಲ. ಅಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಕಾರ್ಮೆಸಿ. ಸಾಲ ತಂದವರು ಬೇಕಾದಷ್ಟನ್ನೇ ತರುತ್ತಾರೆ.

ಪದಗಳಿಗೆ ಸಿಕ್ಕ ಆಶ್ರಯ ಅವುಗಳನ್ನು ಆಡಿದ ಜನರಿಗೆ ಸಿಗಲಿಲ್ಲ. 1492ರ ಜನವರಿ 2ರಂದು ಗ್ರಾನಡಾ ಶರಣಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆಂಟೋನಿಯೊ ದೆ ನೆಬ್ರಿಹಾ ಸ್ಪ್ಯಾನಿಷ್ ಭಾಷೆಯ ಮೊದಲ ಮುದ್ರಿತ ವ್ಯಾಕರಣವನ್ನು ರಾಣಿ ಇಸಬೆಲ್ಲಾಗೆ ಅರ್ಪಿಸಿದ. ಸೋತ ಜನ ಗೆದ್ದವರ ಭಾಷೆ ಕಲಿಯಲು ಇದು ನೆರವಾಗುವುದೆಂದು ಮುನ್ನುಡಿಯಲ್ಲೇ ಬರೆದ. 1567ರಲ್ಲಿ ಎರಡನೇ ಫಿಲಿಪ್‌ನ ಆಜ್ಞೆ ಹೊರಟಿತು. ಒತ್ತಾಯದಿಂದ ಕ್ರೈಸ್ತರಾಗಿದ್ದ ಮೊರಿಸ್ಕೊಗಳು ಮೂರು ವರ್ಷದೊಳಗೆ ಸ್ಪ್ಯಾನಿಷ್ ಕಲಿಯಬೇಕು, ಆಮೇಲೆ ಅರಬಿಯಲ್ಲಿ ಆಡುವಂತಿಲ್ಲ, ಓದುವಂತಿಲ್ಲ, ಬರೆಯುವಂತಿಲ್ಲ. ಮೊರಿಸ್ಕೊ ಹಿರಿಯ ಫ್ರಾನ್ಸಿಸ್ಕೊ ನೂನ್ಯೆಸ್ ಮುಲೈ ಮನವಿ ಬರೆದು ವಾದಿಸಿದ: ಪೂರ್ವ ದೇಶಗಳ ಕ್ರೈಸ್ತರೂ ಅರಬಿ ಆಡುತ್ತಾರಲ್ಲ, ಭಾಷೆಗೂ ಮತಕ್ಕೂ ಏನು ಸಂಬಂಧ? ಆ ಪ್ರಶ್ನೆಗೆ ಯಾರೂ ಕಿವಿಗೊಡಲಿಲ್ಲ. 1568ರಲ್ಲಿ ಅಲ್ಪುಹಾರಾಸ್ ಬೆಟ್ಟಗಳಲ್ಲಿ ದಂಗೆ ಎದ್ದಿತು. 1609ರಿಂದ 1614ರ ನಡುವೆ ಮೊರಿಸ್ಕೊಗಳನ್ನೇ ದೇಶದಿಂದ ಹೊರಹಾಕಲಾಯಿತು.

ಹೊರಬಿದ್ದವರಲ್ಲಿ ಅನೇಕರಿಗೆ, ಅದರಲ್ಲೂ ಅರಗಾನ್ ಪ್ರಾಂತದವರಿಗೆ, ಅಷ್ಟರಲ್ಲಿ ಮನೆಮಾತೇ ಸ್ಪ್ಯಾನಿಷ್ ಆಗಿತ್ತು. ಅದನ್ನು ಅವರು ಅರಬಿ ಅಕ್ಷರಗಳಲ್ಲಿ ಬರೆದಿಡುತ್ತಿದ್ದರು. ಕರಾವಳಿಯ ಓದುಗರು ಅರಬಿ ಮಲಯಾಳಂ ನೆನಪಿಸಿಕೊಂಡರೆ ಇದು ಅರ್ಥವಾದೀತು. 1884ರಲ್ಲಿ ಅರಗಾನಿನ ಅಲ್ಮೊನಾಸಿದ್ ದೆ ಲಾ ಸಿಯೆರಾ ಎಂಬ ಊರಿನಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗ, ಅಡಗಿಸಿಟ್ಟಿದ್ದ ಇಂಥ ಹಸ್ತಪ್ರತಿಗಳ ರಾಶಿ ಸಿಕ್ಕಿತು. ಬೆಲೆ ತಿಳಿಯದವರು ಕೆಲವನ್ನು ಬೆಂಕಿಗೆ ಹಾಕಿದರು. ಉಳಿದವನ್ನು ಬಲದಿಂದ ಎಡಕ್ಕೆ ಓದಬೇಕು. ಅರಬಿ ಅಕ್ಷರ ಕೂಡಿಸುತ್ತ ಹೋದಂತೆ ಹೆಚ್ಚಿನವುಗಳಲ್ಲಿ ಕೇಳಿಸುವುದು ಸ್ಪ್ಯಾನಿಷ್.