ಪತ್ತೇದಾರಿ ಕಥೆಗಳ ಪ್ರಥಮ ಮುದ್ರಣಗಳು

ಗ್ರಂಥವೊಂದರ ಪ್ರಥಮ ಮುದ್ರಣವು ಅದರ ಕಾಲನಿರ್ಣಯಕ್ಕೂ ಪಾಠನಿರ್ಣಯಕ್ಕೂ ಮುಖ್ಯವಾದ ಸಾಕ್ಷಿ. ಕಾವ್ಯಶಾಸ್ತ್ರಾದಿಗಳ ವಿಷಯದಲ್ಲಿ ಈ ಸಾಕ್ಷಿಯನ್ನು ವಿದ್ವಾಂಸರು ಆದರದಿಂದ ಕಾಪಾಡುತ್ತ ಬಂದರು. ವಿನೋದಕ್ಕಾಗಿ ಹುಟ್ಟಿದ ಪತ್ತೇದಾರಿ ಕಥೆಗಳಿಗೆ ಆ ಭಾಗ್ಯವು ಬಹಳ ತಡವಾಗಿ ಬಂದಿತು. ಷರ್ಲಾಕ್ ಹೋಮ್ಸನ ಮೊದಲ ಕಥೆಯ ಚರಿತ್ರೆಯಿಂದ ಇದು ವಿಶದವಾಗುವುದು.

ಆರ್ಥರ್ ಕಾನನ್ ಡಾಯ್ಲನು ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಎಂಬ ಈ ಕಥೆಯನ್ನು 1886ರಲ್ಲಿ ಬರೆದನು. ಕೆಲವರು ಪ್ರಕಾಶಕರು ಹಿಂದಿರುಗಿಸಿದ ಮೇಲೆ, ಲಂಡನ್ನಿನ ವಾರ್ಡ್ ಲಾಕ್ ಸಂಸ್ಥೆಯವರು ಅದರ ಸರ್ವಸ್ವಾಮ್ಯವನ್ನು 25 ಪೌಂಡುಗಳಿಗೆ ಕೊಂಡರು. ಪೇಟೆಯಲ್ಲಿ ಅಗ್ಗದ ಕಥೆಗಳು ತುಂಬಿರುವುವೆಂದು ಒಂದು ವರ್ಷ ತಡೆದು, 1887ರ ನವೆಂಬರಿನಲ್ಲಿ ‘ಬೀಟನ್ಸ್ ಕ್ರಿಸ್‌ಮಸ್ ಆನ್ಯುಯಲ್’ ಎಂಬ ವಾರ್ಷಿಕ ಸಂಚಿಕೆಯಲ್ಲಿ ಪ್ರಕಟಿಸಿದರು. ಬೆಲೆ 1 ಷಿಲಿಂಗು, ಹೊದಿಕೆಯೂ ಕಾಗದದ್ದೇ. ಹಬ್ಬಕ್ಕೆ ಮುಂಚೆಯೇ ಪ್ರತಿಗಳೆಲ್ಲ ಮಾರಿಹೋದುವು. ಆದರೆ ವರ್ಷ ಕಳೆದ ಪಂಚಾಂಗವನ್ನು ಯಾರು ಇಟ್ಟುಕೊಳ್ಳುವರು? ಓದಿದವರು ಬಿಸುಟರು. ಉಳಿದಿರುವುವೆಂದು ತಿಳಿದುಬಂದಿರುವ ಪ್ರತಿಗಳು 30ನ್ನು ಸ್ವಲ್ಪವೇ ಮೀರಿವೆ.

ಇದೇ ಕಥೆಯು 1888ರಲ್ಲಿ ಬೇರೆ ಪುಸ್ತಕವಾಗಿ ಹೊರಬಂದಿತು. ಅದರಲ್ಲಿ ಗ್ರಂಥಕರ್ತನ ತಂದೆ ಚಾರ್ಲ್ಸ್ ಡಾಯ್ಲನು ಬರೆದ ಚಿತ್ರಗಳಿವೆ. ಹೀಗಿರಲು ಪ್ರಥಮ ಮುದ್ರಣವೆಂಬ ಹೆಸರು ಯಾವುದಕ್ಕೆ ಸಲ್ಲಬೇಕು? ವಾರ್ಷಿಕವು ಪ್ರಥಮ ಪ್ರಕಟನೆಯೆಂದೂ, 1888ರದು ಪುಸ್ತಕರೂಪದ ಪ್ರಥಮ ಮುದ್ರಣವೆಂದೂ ಸಂಗ್ರಾಹಕರು ವಿಭಾಗಿಸಿರುವರು. ಈ ಪುಸ್ತಕದ ಮುನ್ನುಡಿಯಲ್ಲಿ ‘ಯಂಗರ್’ ಎಂಬ ಆಂಗ್ಲಪದವು ಶುದ್ಧವಾಗಿದ್ದರೆ ಅದು ಮೊದಲ ಅಚ್ಚು. ‘ಎನ್’ ಅಕ್ಷರದ ಸ್ಥಾನದಲ್ಲಿ ‘ಯು’ ಕಂಡರೆ ಅನಂತರದ್ದು. ಓಲೆಗ್ರಂಥಗಳಲ್ಲಿ ಲಿಪಿಕಾರನ ಸ್ಖಾಲಿತ್ಯವು ಪ್ರತಿಗಳ ಪೌರ್ವಾಪರ್ಯವನ್ನು ತಿಳಿಸುವಂತೆ, ಇಲ್ಲಿ ಒಂದು ಅಚ್ಚುಮೊಳೆಯು ತಿಳಿಸುವುದು.

ಇಂತಹ ಸೂಕ್ಷ್ಮಗಳನ್ನು ಗಮನಿಸಿದವರು ಹೆಚ್ಚಾಗಿ ಸಂಗ್ರಾಹಕರೇ. ಜಾನ್ ಕಾರ್ಟರನು 1934ರಲ್ಲಿ ಸಂಪಾದಿಸಿದ ‘ನ್ಯೂ ಪಾತ್ಸ್ ಇನ್ ಬುಕ್ ಕಲೆಕ್ಟಿಂಗ್’ ಎಂಬ ಗ್ರಂಥದಲ್ಲಿ ಪತ್ತೇದಾರಿ ಕಥೆಗಳ ಸಂಗ್ರಹವನ್ನು ಕುರಿತು ತಾನೇ ಒಂದು ಲೇಖನವನ್ನು ಬರೆದು ದಾರಿ ತೋರಿದನು. 1942ರಲ್ಲಿ ಎಲ್ಲರಿ ಕ್ವೀನ್ ಎಂಬ ಅಂಕಿತದಿಂದ ಪತ್ತೇದಾರಿ ಸಣ್ಣಕಥೆಗಳ ಗ್ರಂಥಸೂಚಿಯು ಹೊರಟಿತು. ಅದಕ್ಕೆ ಆಧಾರವಾದ ಪುಸ್ತಕಸಂಗ್ರಹವು ಮುಂದೆ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಸೇರಿತು.

2007ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಆ ವಾರ್ಷಿಕದ ಒಂದು ಪ್ರತಿಯು 1,56,000 ಡಾಲರುಗಳಿಗೆ ಮಾರಿತು. ಕರ್ತೃವಿಗೆ ದೊರೆತ 25 ಪೌಂಡುಗಳೊಡನೆ ಇದನ್ನು ಹೋಲಿಸಿ ವಿಸ್ಮಯಪಡುವುದು ಸಹಜ. ಆದರೆ ಚರಿತ್ರಕಾರನು ಗ್ರಹಿಸಬೇಕಾದುದು ಬೇರೆ. ಒಂದು ಕಾಲದವರು ತುಚ್ಛವೆಂದು ಬಿಸುಟದ್ದೇ ಮುಂದಿನ ಕಾಲದವರಿಗೆ ಪ್ರಮಾಣವಾಗಬಹುದು. ಅದು ಉಳಿಯುವುದು ಪಂಡಿತರ ಮನ್ನಣೆಯಿಂದಲ್ಲ, ಅದನ್ನು ಪ್ರೀತಿಯಿಂದ ಕಾದಿಟ್ಟ ಕೆಲವರಿಂದ.